ತಲೆಯ ಕೆಳಗಿನ ಬಟ್ಟೆಗಳು

ನಮ್ಮ ಮನೆಯಲ್ಲಿ ಬಟ್ಟೆಗಳು ತಲೆಯ ಕೆಳಗಿರುತ್ತಿದ್ದವು. ಮನೆ ಎಂದರೆ ಪಟ್ಟಂದೂರು ಅಗ್ರಹಾರದಲ್ಲಿ, ಐಟಿ ಪಾರ್ಕಿನ ಹಿಂಬದಿಯ ಕಾಂಪೌಂಡಿಗೆ ಎದುರಾಗಿ ಕಟ್ಟಿದ ಎಂಟು ರೂಮುಗಳ ಸಾಲಿನಲ್ಲಿ ಐದನೆಯದು. ಒಂದು ಬಾಗಿಲು, ಒಂದು ಕಿಟಕಿ, ಮೂಲೆಯಲ್ಲಿ ಸ್ಟೌ ಇಡಲು ಕಡಪ ಕಲ್ಲು, ಅದರ ಮೇಲೆ ಪಾತ್ರೆಗಳಿಗೆ ಒಂದು ಸಜ್ಜೆ. ನಾವು ಯಾದಗಿರಿ ಕಡೆಯಿಂದ ಬಂದವರು: ಸೆಂಟ್ರಿಂಗ್ ಕೆಲಸದ ಅಪ್ಪ, ಆಫೀಸುಗಳಲ್ಲಿ ಹೌಸ್‌ಕೀಪಿಂಗ್ ಮಾಡುವ ಅವ್ವ, ಅಪ್ಪನ ತಾಯಿ ಆಯಿ, ಮತ್ತು ನಾನು. ನಾಲ್ವರು ಮಲಗಿದರೆ ನೆಲ ಮುಗಿಯುತ್ತಿತ್ತು. ಬೀರು ತಂದರೆ ನಮ್ಮಲ್ಲೊಬ್ಬರು ಹೊರಗೆ ಮಲಗಬೇಕಿತ್ತು. ಗೋಡೆಗೆ ಮೊಳೆ ಹೊಡೆಯುವ ಹಾಗೂ ಇರಲಿಲ್ಲ. ಮನೆಯ ಯಜಮಾನಿ ಮುನಿರತ್ನಮ್ಮ, ಎಲ್ಲರ ಬಾಯಲ್ಲಿ ಓನರಮ್ಮ, ರೂಮು ತೋರಿಸಿದ ದಿನವೇ ಅದನ್ನು ಹೇಳಿದ್ದರು. ಸಿಮೆಂಟ್ ಬ್ಲಾಕಿನ ಗೋಡೆ, ಒಂದು ಮೊಳೆಗೆ ಇಡೀ ಬ್ಲಾಕ್ ಸೀಳುತ್ತದೆ. ಬಾಡಿಗೆ ಕೇಳಲು ಬಂದಾಗಲೆಲ್ಲ ಅವರು ನಮ್ಮ ಮುಖ ನೋಡುವ ಮೊದಲು ಗೋಡೆ ನೋಡುತ್ತಿದ್ದರು.

ಹಾಗಾಗಿ ಅವ್ವ ಹಳೆಯ ಸೀರೆಯಿಂದ ನಾಲ್ಕು ದಿಂಬಿನ ಚೀಲ ಹೊಲಿದಳು. ಒಂದು ಬದಿ ಬಾಯಿ, ಬಾಯಿಗೆ ಲಾಡಿ. ಒಳಗೆ ಹತ್ತಿ ಇಲ್ಲ. ಅವರವರ ಬಟ್ಟೆ ಅವರವರ ದಿಂಬಿನಲ್ಲಿ. ಸಂಜೆ ದಿಂಬು ತುಂಬುವುದು ನನ್ನ ಕೆಲಸವಾಗಿತ್ತು. ಅದಕ್ಕೂ ಒಂದು ಕ್ರಮವಿತ್ತು. ಪ್ಯಾಂಟಿನಂಥ ದಪ್ಪನೆಯದು ತಳಕ್ಕೆ, ಜಿಪ್ಪು ನೆಲದ ಕಡೆಗೆ. ಹುಕ್ಕು, ಗುಂಡಿಗಳೆಲ್ಲ ಮಡಿಕೆಯ ಒಳಗೆ. ಮೇಲ್ಪದರಕ್ಕೆ ಆಯಿಯ ನೂಲಿನ ಸೀರೆಯಂಥ ಮೆತ್ತನೆಯದು. ನನ್ನ ಶಾಲೆಯ ಅಂಗಿಯನ್ನು ಸರಿಯಾಗಿ ನಡುವೆ ಇಟ್ಟರೆ ಬೆಳಗಾಗುವಷ್ಟರಲ್ಲಿ ನನ್ನ ತಲೆಯ ಭಾರಕ್ಕೆ ಅದು ಇಸ್ತ್ರಿಯಾಗಿರುತ್ತಿತ್ತು. ಮಗ್ಗುಲಾಗಿ ಮಲಗಿದ ದಿನ ಕಾಲರಿನ ಒಂದು ಕಡೆ ಮಾತ್ರ. ನಮ್ಮ ಕೆನ್ನೆಗಳ ಮೇಲೆ ಅವರವರ ಬಟ್ಟೆಯ ಗುರುತು ಮೂಡಿರುತ್ತಿತ್ತು. ಅಪ್ಪನ ದಿಂಬು ಬೀಡಿ ಮತ್ತು ಸಿಮೆಂಟಿನ ವಾಸನೆ, ಅವ್ವನದು ಫಿನಾಯಿಲ್. ಹಬ್ಬದ ದಿನ ಒಳ್ಳೆಯ ಬಟ್ಟೆಗಳೆಲ್ಲ ಮೈಮೇಲೆ ಬಂದು, ಮಧ್ಯಾಹ್ನ ಊಟ ಮಾಡಿ ಅಡ್ಡಾಗಲು ದಿಂಬೇ ಇರುತ್ತಿರಲಿಲ್ಲ. ಮಳೆಗಾಲದಲ್ಲಿ ತಾರಸಿಯ ತಂತಿಯ ಮೇಲೆ ಬಟ್ಟೆ ಒಣಗದೆ ವಾರಗಟ್ಟಲೆ ತೋಳನ್ನೇ ತಲೆಗಿಟ್ಟು ಮಲಗುತ್ತಿದ್ದೆವು. ಜಗಳಗಳೂ ದಿಂಬಿನ ಸುತ್ತಲೇ. ಅಪ್ಪ ತನ್ನ ದಿಂಬಿನಲ್ಲಿ ಅಳತೆಯ ಟೇಪು ಇಟ್ಟು ಮರೆಯುತ್ತಿದ್ದ. ಒಮ್ಮೆ ಅದು ಆಯಿಯ ದಿಂಬಿಗೆ ತಪ್ಪಿ ಸೇರಿ, ಅವಳ ಕಿವಿ ಎರಡು ದಿನ ಕೆಂಪಾಗಿತ್ತು. ಮಗ ನನ್ನ ತಲೆಯ ಅಳತೆ ತೆಗೆದುಕೊಳ್ಳಲು ಹೊರಟಿದ್ದಾನೆ, ಏನು ಕಟ್ಟಿಸುತ್ತಾನೋ ಎಂದು ಅವಳು ಸಾಲಿನ ಎಂಟೂ ರೂಮಿಗೆ ಹೇಳಿಕೊಂಡು ಬಂದಳು.

ಇಷ್ಟರಲ್ಲಿ ದಿಂಬಿಗೆ ಸೇರದ ಬಟ್ಟೆ ಎಂದರೆ ಅವ್ವನ ಯೂನಿಫಾರಂ ಒಂದೇ. ಬೂದು ಬಣ್ಣದ ಚೂಡಿದಾರ, ಅದರ ಮೇಲೆ ತೊಡುವ ದಪ್ಪ ನೀಲಿ ಕೋಟು, ಕೋಟಿನ ಬೆನ್ನಿಗೆ ಏಜೆನ್ಸಿಯ ಹೆಸರನ್ನು ಬಿಳಿ ದಾರದಲ್ಲಿ ಹೊಲಿದಿದ್ದರು. ವರ್ಷಕ್ಕೆ ಎರಡು ಜೊತೆ ಕೊಡುತ್ತಿದ್ದರು. ಒಂದು ಮೈಮೇಲೆ, ಇನ್ನೊಂದು ತಂತಿಯ ಮೇಲೆ, ಹೀಗೆ ಅವು ಸರದಿಯಲ್ಲಿ ತಿರುಗುತ್ತಿದ್ದವು. ಒಣಗಿದ್ದನ್ನು ಅವ್ವ ಮಡಚಿ, ಸುತ್ತಿಟ್ಟ ಚಾಪೆಗಳ ಮೇಲೆ ಇಡುತ್ತಿದ್ದಳು. ಅದರ ಮೇಲೆ ಯಾರೂ ಕೂರುವಂತಿರಲಿಲ್ಲ. ಕೆಲಸದವರು ಒಳಹೋಗುವ ಗೇಟಿನಲ್ಲಿ ಸೆಕ್ಯುರಿಟಿಯವರು ಮುಖ ನೋಡುವುದಿಲ್ಲ, ಕೋಟು ನೋಡುತ್ತಾರೆ ಎಂದು ಅವಳು ಹೇಳುತ್ತಿದ್ದಳು. ಯೂನಿಫಾರಂ ಇಲ್ಲದೆ ಹೋದವಳನ್ನು ಮನೆಗೆ ಕಳಿಸುತ್ತಿದ್ದರು. ನಾಲ್ಕು ದಿನ ಬರದಿದ್ದರೆ ಆ ಜಾಗಕ್ಕೆ ಬೇರೊಬ್ಬಳು ಬಂದಿರುತ್ತಿದ್ದಳು. ಮೂರನೇ ರೂಮಿನ ಶರಣಮ್ಮನ ಕೆಲಸ ಹೋದದ್ದು ಹಾಗೆಯೇ. ಅಪ್ಪನಿಗೆ ಕೆಲಸವಿಲ್ಲದ ತಿಂಗಳುಗಳಲ್ಲಿ ನಾವು ಉಣ್ಣುತ್ತಿದ್ದದ್ದು ಆ ಕೋಟಿನಿಂದ. ಇದು ನನಗೆ ಹತ್ತನೇ ವಯಸ್ಸಿನಲ್ಲೇ ಚೆನ್ನಾಗಿ ತಿಳಿದಿತ್ತು. ಮುಂದಿನದನ್ನು ಬರೆಯುವ ಮೊದಲು ಇದನ್ನು ಹೇಳಿಬಿಡಬೇಕು. ತಿಳಿಯದೆ ಮಾಡಿದೆ ಎಂದು ನಾನು ಹೇಳಲಾರೆ.

ಆ ಚಳಿಗಾಲ ಆಯಿಗೆ ಉಬ್ಬಸ ಹಿಡಿಯಿತು. ತಲೆ ಎತ್ತರದಲ್ಲಿರಬೇಕು ಎಂದು ಡಾಕ್ಟರು ಹೇಳಿದರು. ಎತ್ತರಕ್ಕೆ ನಮ್ಮಲ್ಲಿ ಇದ್ದದ್ದು ಬಟ್ಟೆ ಮಾತ್ರ. ಮೊದಲು ನನ್ನ ಲಂಗಗಳು ಅವಳ ದಿಂಬಿಗೆ ಹೋದವು, ಆಮೇಲೆ ಅವ್ವನ ಸೀರೆಗಳು. ಬೆಳಿಗ್ಗೆ ಯಾರಿಗೆ ಏನು ಬೇಕಾದರೂ ಅವಳ ತಲೆಯ ಕೆಳಗಿಂದಲೇ ಎಳೆಯಬೇಕು. ಲಾಡಿ ಬಿಚ್ಚಿ ನಾನು ಕೈ ಹಾಕಿದರೆ ಅವಳು ಕತ್ತನ್ನು ಒಂದು ಅಂಗುಲ ಎತ್ತಿ, ಉಸಿರು ಸಿಕ್ಕಷ್ಟು ನಗುತ್ತಿದ್ದಳು.

“ಏನ್ ಬೇಕವ್ವಾ? ಅಂಗಡಿ ತೆರದೈತಿ.”

ಅವಳನ್ನು ನೋಡಿಕೊಳ್ಳಲು ಅವ್ವ ಎರಡು ದಿನ ರಜೆ ಹಾಕಿದಳು. ಅದರಿಂದಾಗಿ ಯೂನಿಫಾರಮ್ಮಿನ ಎರಡೂ ಜೊತೆ ಒಗೆದು, ಒಣಗಿ, ಒಟ್ಟಿಗೆ ಚಾಪೆಯ ಮೇಲೆ ಬಂದು ಕೂತವು. ಹಾಗೆ ಹಿಂದೆ ಎಂದೂ ಆಗಿರಲಿಲ್ಲ. ಎರಡನೆಯ ದಿನ ಸಂಜೆ ಅವ್ವ ರೊಟ್ಟಿ ತಟ್ಟುತ್ತಿದ್ದಳು. ಆಯಿ ಕೈಸನ್ನೆ ಮಾಡಿ, ಇನ್ನೊಂದೀಟು ಎತ್ತರ ಮಾಡು ಎಂದಳು. ದಿಂಬಿಗೆ ಹಾಕಲು ಬೇರೇನೂ ಉಳಿದಿರಲಿಲ್ಲ. ನಾನು ಸುತ್ತಲೂ ನೋಡಿದೆ. ಕೋಟುಗಳು ದಪ್ಪಗಿದ್ದವು. ಎರಡೂ ಜೊತೆಯನ್ನು ಎತ್ತಿ, ಗುಂಡಿಗಳು ಒಳಗೆ ಬರುವಂತೆ ಮಡಚಿ, ದಿಂಬಿನ ತಳಕ್ಕೆ ತಳ್ಳಿ ಲಾಡಿ ಕಟ್ಟಿದೆ. ಆಯಿಯ ತಲೆ ನಾಲ್ಕು ಬೆರಳಿನಷ್ಟು ಮೇಲೆ ಬಂತು. ಅವಳ ಉಸಿರಿನ ಸದ್ದು ಸ್ವಲ್ಪ ಇಳಿಯಿತು. ಅವ್ವನಿಗೆ ಹೇಳಬೇಕೆಂದುಕೊಂಡೆ, ಅವಳು ಹಂಚಿನ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಿದ್ದಳು. ಊಟಕ್ಕೆ ಕೂತಾಗ ಮರೆತೆ. ರಾತ್ರಿ ಚಾಪೆ ಹಾಸಿದ್ದೂ ನಾನೇ, ಹಾಗಾಗಿ ಅವಳಿಗೆ ಗೊತ್ತಾಗಲಿಲ್ಲ. ಬೆಳಿಗ್ಗೆ ಹೇಗೂ ನಾನೇ ತೆಗೆಯುವವಳು.

ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋದ ಮೇಲೆ ಅವ್ವ ಚಮಚದಲ್ಲಿ ಟೀ ಕುಡಿಸುತ್ತಿದ್ದಳು. ಮೂರು ಚಮಚ ಇಳಿಯಿತು. ನಾಲ್ಕನೆಯದು ತುಟಿಯ ಬದಿಯಿಂದ ಹೊರಬಂದು ಕುತ್ತಿಗೆಯ ಮಡಿಕೆಗೆ ಹರಿಯಿತು. ಅವ್ವ ಸೆರಗಿನಿಂದ ಒರೆಸಿದಳು, ಇನ್ನೊಂದು ಚಮಚ ತುಂಬಿದಳು, ಆಮೇಲೆ ಅದನ್ನು ಲೋಟಕ್ಕೆ ವಾಪಸ್ಸು ಸುರಿದಳು. ಅಕ್ಕಪಕ್ಕದ ಹೆಂಗಸರು ಬಂದರು. ಓನರಮ್ಮನೂ ಬಂದರು, ಮತ್ತು ಬಂದ ಗಳಿಗೆಯಿಂದ ಎಲ್ಲವನ್ನೂ ಅವರೇ ನಡೆಸಿದರು. ಊರಿಗೆ ಒಯ್ಯುವುದು ನಮ್ಮಿಂದ ಆಗದ ಮಾತಾಗಿತ್ತು. ಹೊರಗಿನವರನ್ನು ಹಳ್ಳಿಯ ಸ್ಮಶಾನದಲ್ಲಿ ಮಣ್ಣು ಮಾಡಲು ಯಾರ ಒಪ್ಪಿಗೆ ಬೇಕಿತ್ತೋ ಅವರಿಗೆಲ್ಲ ಫೋನು ಮಾಡಿ, ನಮ್ಮನೆಯವರೇ ಅಂದ್ಕೊಳ್ರಪ್ಪ ಎಂದು ಹೇಳಿದರು. ಅಪ್ಪ ಬರುವಷ್ಟರಲ್ಲಿ ನೀರು ಕಾಯುತ್ತಿತ್ತು, ಹೂವು ಬಂದಿತ್ತು. ಆ ಉಪಕಾರವನ್ನೂ ನಾನು ಅಷ್ಟೇ ಸರಿಯಾಗಿ ನೆನಪಿಟ್ಟುಕೊಳ್ಳಬೇಕು.

ಆಯಿಯನ್ನು ಸ್ನಾನಕ್ಕೆ ಎತ್ತಿದ ಮೇಲೆ ಓನರಮ್ಮ ಅವಳ ಚಾಪೆಯನ್ನು ಸುತ್ತಿದರು. ಸುತ್ತುವಾಗ ದಿಂಬನ್ನೂ ಒಳಗಿಟ್ಟರು.

“ಸತ್ತೋರ ಆಸ್ಗೆ ದಿಂಬು ಮನೇಲಿ ಮಡೀಕೋಬಾರ್ದು ಕಣಮ್ಮ. ಎಣದ ಜೊತೇಲೇ ಓಗ್ಬೇಕು.”

ನೀಲಿ ಪ್ಲಾಸ್ಟಿಕ್ ಹಗ್ಗದಿಂದ ಎರಡು ಕಡೆ ಬಿಗಿದರು. ನಾನು ಬಾಗಿಲ ಪಕ್ಕ ನಿಂತಿದ್ದೆ. ದಿಂಬಿನ ಬಾಯಿಂದ ಕೋಟಿನ ಅಂಚು ಒಂದು ಬೆರಳಿನಷ್ಟು ಹೊರಗೆ ಕಾಣುತ್ತಿತ್ತು. ಅವ್ವ ಹೊರಗೆ ಅಳುತ್ತಿದ್ದಳು. ನಾನು ಬಾಯಿ ತೆರೆದೆ. ಯಾಕೆ ಮಾತಾಡಲಿಲ್ಲ ಎಂದು ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಹೆದರಿಕೆ ಎಂದರೆ ಪೂರ್ತಿ ಸರಿಯಲ್ಲ. ಓನರಮ್ಮ ನನ್ನನ್ನು ಎಂದೂ ಗದರಿದವರಲ್ಲ. ಎಲ್ಲರೂ ಆಯಿಗಾಗಿ ಅಳುತ್ತಿರುವಾಗ ಬಟ್ಟೆಯ ಮಾತೆತ್ತುವುದು ನಾಚಿಕೆಗೇಡು ಅನ್ನಿಸಿತ್ತು. ಜೊತೆಗೆ, ಅಷ್ಟು ದೊಡ್ಡವರು ಇಷ್ಟು ಗಟ್ಟಿಯಾಗಿ ಕಟ್ಟುತ್ತಿದ್ದಾರೆ ಎಂದರೆ ಒಳಗೇನಿದೆ ಎಂದು ಅವರಿಗೆ ಗೊತ್ತೇ ಇರುತ್ತದೆ ಎಂದೂ ಅಂದುಕೊಂಡೆ. ಸ್ವಂತ ಬಟ್ಟೆ ಬೀರುವಿನಲ್ಲಿಡುವ ಓನರಮ್ಮನಿಗೆ ದಿಂಬು ಎಂದರೆ ದಿಂಬು ಮಾತ್ರ, ಅದು ನಮ್ಮ ಮನೆಯ ಅರ್ಧ ಎಂದು ಅವರು ಎಣಿಸಿರಲಾರರು ಎಂಬುದು ನನಗೆ ಹೊಳೆಯಲಿಲ್ಲ. ಗಂಡಸರು ಆಯಿಯನ್ನು ಒಯ್ದರು. ಚಾಪೆಯ ಸುರುಳಿ ಅದೇ ಗಾಡಿಯಲ್ಲಿ ಹೋಯಿತು.

ಸೋಮವಾರ ಅವ್ವನಿಗೆ ಎರಡನೇ ಪಾಳಿ ಎಂದು ಸೂಪರ್‌ವೈಸರ್ ಫೋನಿನಲ್ಲಿ ಹೇಳಿದ್ದರು. ಮಧ್ಯಾಹ್ನ ಎರಡಕ್ಕೆ ಬಾರದಿದ್ದರೆ ಬರುವುದೇ ಬೇಡ. ಸೂತಕ ಮುಗಿದಿರಲಿಲ್ಲ, ಆದರೂ ಸ್ಲ್ಯಾಬ್ ಹಾಕುವ ದಿನವೆಂದು ಅಪ್ಪ ಬೆಳಿಗ್ಗೆಯೇ ಹೋಗಿದ್ದ. ಹನ್ನೆರಡು ಗಂಟೆಯ ಹೊತ್ತಿಗೆ ಅವ್ವ ಚಾಪೆಗಳ ಮೇಲೆ ನೋಡಿದಳು, ಹಿಂದೆ ನೋಡಿದಳು, ತಾರಸಿಗೆ ಹೋಗಿ ಬಂದಳು. ಆಮೇಲೆ ಉಳಿದ ಮೂರು ದಿಂಬುಗಳ ಲಾಡಿ ಬಿಚ್ಚಿ ಒಂದೊಂದಾಗಿ ನೆಲಕ್ಕೆ ಸುರಿದಳು. ನಮ್ಮ ಬಟ್ಟೆಗಳೆಲ್ಲ ಒಟ್ಟಿಗೆ ಬಿದ್ದಿದ್ದನ್ನು ನಾನು ಮೊದಲ ಬಾರಿ ನೋಡಿದೆ. ಗುಡ್ಡೆ ನನ್ನ ಮೊಣಕಾಲಿಗೂ ಬರಲಿಲ್ಲ. ಅವಳು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ನನ್ನ ಕಡೆ ನೋಡಿದಳು. ನಾನು ಹೇಳಿದೆ.

“ಎರಡೂ?”

“ಎರಡೂ.”

ಹೊಡೆಯುತ್ತಾಳೆ ಎಂದು ಕಾದೆ. ಅವಳು ಗಡಿಯಾರ ನೋಡಿದಳು. ಬಟ್ಟೆಗಳನ್ನು ಒಂದೊಂದಾಗಿ ಮಡಚಿ ವಾಪಸ್ಸು ತುಂಬಿದಳು, ನಾನು ತುಂಬುವ ಕ್ರಮದಲ್ಲೇ. ತುಂಬಿ ಮುಗಿದ ಮೇಲೆ ಚಪ್ಪಲಿ ಮೆಟ್ಟಿ, ನಡಿ ಎಂದಳು.

ಸ್ಮಶಾನ ಕೆರೆಯ ಅಂಚಿನಲ್ಲಿತ್ತು. ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ, ಹಾಗಾಗಿ ಆಯಿ ಎಲ್ಲಿದ್ದಾಳೆ ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಹೊಸ ಮಣ್ಣಿನ ಗುಡ್ಡೆಗಳು ಎರಡಿದ್ದವು. ಅವ್ವ ಎರಡಕ್ಕೂ ಕೈಮುಗಿದಳು. ತಂತಿ ಬೇಲಿಯ ಬಳಿ ಚಾಪೆ, ಹಾಸಿಗೆ, ಒಡೆದ ಮಂಚದ ಪಟ್ಟಿಗಳ ರಾಶಿ ಇತ್ತು. ನೀಲಿ ಹಗ್ಗದಿಂದ ನಮ್ಮ ಚಾಪೆಯನ್ನು ಗುರುತಿಸಿದೆ. ಹಗ್ಗ ಬಿಚ್ಚಿತ್ತು. ದಿಂಬಿನ ಚೀಲ ಒಳಮೈ ಹೊರಗಾಗಿ ಬಿದ್ದಿತ್ತು. ಬೇಲಿಯಾಚೆಗೆ ಶೀಟಿನ ಮನೆಯೊಂದು, ಅದರ ಮುಂದಿನ ಹಗ್ಗದಲ್ಲಿ ಆಯಿಯ ಸೀರೆ, ಅವ್ವನ ಎರಡು ಸೀರೆ, ನನ್ನ ಲಂಗಗಳು ಒಣಗುತ್ತಿದ್ದವು. ಗುಂಡಿ ತೋಡುವವನ ಹೆಂಡತಿ ಗೌರಮ್ಮ ಹೊರಗೆ ಬಂದಳು. ಅವ್ವ ತಾನು ಯಾರೆಂದು ಹೇಳಿ, ಸೀರೆ ಲಂಗ ಬೇಡ, ಯೂನಿಫಾರಂ ಮಾತ್ರ ಕೊಡು, ಅದು ಸತ್ತವರದಲ್ಲ, ನನ್ನದು ಎಂದಳು. ಗೌರಮ್ಮ ಸಿಟ್ಟಾಗಲಿಲ್ಲ. ಇದನ್ನು ಹಲವು ಸಲ ಹೇಳಿ ಅಭ್ಯಾಸವಿದ್ದವಳ ಹಾಗೆ ಮಾತಾಡಿದಳು.

“ದಿಂಬಲ್ಲಿತ್ತು. ದಿಂಬು ಎಣದ ತಲೆ ಕೆಳ್ಗಿತ್ತು. ಇಲ್ಲಿಗ್ ಬಂದ್ಮೇಲೆ ನಿಂದು ಅವರ್ದು ಅಂತ ಎಲ್ಲೈತಕ್ಕ? ಇಲ್ಲಿಗ್ ಬಂದಿದ್ದು ನಮ್ದು.”

“ಖರೇ ಐತ್ರಿ,” ಎಂದಳು ಅವ್ವ. “ಆದ್ರ ಅದು ಇಲ್ಲಂದ್ರ ನನ್ನ ಗೇಟಿನಾಗ ಬಿಡಂಗಿಲ್ಲ. ಎರಡು ಗಂಟೆಗೆ ಡ್ಯೂಟಿ.”

ಗೌರಮ್ಮ ನನ್ನನ್ನು ನೋಡಿದಳು, ಅವ್ವನ ಕಾಲಿನ ಧೂಳು ನೋಡಿದಳು, ಒಳಗೆ ಬನ್ನಿ ಎಂದಳು. ಆ ಮನೆಯಲ್ಲಿ ಉಕ್ಕಿನ ಬೀರು ಇತ್ತು. ಯಾರದೋ ಸಾವಿನ ನಂತರ ಬಂದದ್ದಿರಬೇಕು. ಒಂದು ಬಾಗಿಲು ಕೀಲು ಬಿಟ್ಟಿತ್ತು, ಕನ್ನಡಿಯ ಜಾಗದಲ್ಲಿ ರಟ್ಟಿನ ಹಲಗೆ. ಅವಳು ಅದನ್ನು ತೆರೆದಳು. ಮೂರು ಖಾನೆಗಳಲ್ಲಿ ಪಂಚೆ, ಸೀರೆ, ಮಕ್ಕಳ ಅಂಗಿ ಬೇರೆಬೇರೆಯಾಗಿ, ಅಂಚಿಗೆ ಅಂಚು ಕೂಡಿಸಿ ಇಟ್ಟಿದ್ದಳು. ನಡುವಿನ ಖಾನೆಯಲ್ಲಿ ಚೂಡಿದಾರಗಳ ಮೇಲೆ ಅವ್ವನ ಎರಡು ಕೋಟುಗಳು, ಒಗೆದು, ಏಜೆನ್ಸಿಯ ಹೆಸರು ಮೇಲೆ ಬರುವಂತೆ ಮಡಚಿದ್ದವು. ಗೌರಮ್ಮ ಒಂದು ಜೊತೆ ತೆಗೆದು ಅವ್ವನ ಕೈಗೆ ಕೊಟ್ಟಳು. ಇನ್ನೊಂದರ ಮೇಲೆ ಕೈಯಿಟ್ಟಳು.

“ಇದ್ ನಂಗಿರ್ಲಿ. ಈ ಕೆರೆ ಗಾಳೀಗೆ ಬೆಳಿಗ್ಗೆ ಎದೆ ಇಡ್ಕೊಳ್ತದೆ.”

ಅವ್ವ ತಲೆಯಾಡಿಸಿದಳು. ಕೇಳಿದ್ದರೆ ಗೌರಮ್ಮ ಅದನ್ನೂ ಕೊಡುತ್ತಿದ್ದಳೇನೋ. ಕೇಳುವುದಕ್ಕೆ ಅವ್ವನಲ್ಲಿ ಶಕ್ತಿ ಉಳಿದಿರಲಿಲ್ಲ, ಅಥವಾ ಗೌರಮ್ಮನ ಮಾತು ನ್ಯಾಯ ಅನ್ನಿಸಿರಬೇಕು. ಮನೆಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಅವ್ವ ಅಲ್ಲೇ ನಲ್ಲಿಯಡಿ ತಲೆಗೆ ನೀರು ಹಾಕಿಕೊಂಡು, ಅವರ ಬಾಗಿಲ ಹಿಂದೆ ಯೂನಿಫಾರಂ ತೊಟ್ಟಳು. ಉಟ್ಟಿದ್ದ ಸೀರೆಯನ್ನು ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು. ಹೊರಡುವಾಗ ಗೌರಮ್ಮ ಇಷ್ಟು ಹೇಳಿದಳು.

“ಯಾರ್ಗೂ ಏಳ್ಬೇಡ ಕಣಕ್ಕ. ನನ್ ಕೈ ನೀರು ಈ ಊರಲ್ಲಿ ಯಾರೂ ಕುಡಿಯಲ್ಲ. ನಿನ್ ಕೈದೂ ಕುಡಿಯೋದ್ ಬಿಟ್ಬಿಡ್ತಾರೆ.”

ಅವ್ವ ಐಟಿ ಪಾರ್ಕಿನ ಕಡೆ ಹೋದಳು. ನಾನು ಒಬ್ಬಳೇ ರೂಮಿಗೆ ಬಂದೆ. ಓನರಮ್ಮ ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಸೂತಕದ ಮನೆಯವರು ಊರು ತುಂಬ ತಿರುಗಬಾರದು ಎಂದು ಮೆಲ್ಲಗೆ ಹೇಳಿ, ಅವ್ವ ಎಲ್ಲಿ ಎಂದು ಕೇಳಿದರು. ಡ್ಯೂಟಿಗೆ ಎಂದೆ. ಹೊರಡುವ ಮೊದಲು ಅವ್ವ ತಾರಸಿಯ ಮೇಲೆ ಯೂನಿಫಾರಂ ಹುಡುಕುತ್ತಿದ್ದದ್ದನ್ನು ಅವರು ನೋಡಿದ್ದರು. ಸಿಕ್ತಾ, ಎಲ್ಲಿ ಸಿಕ್ತು ಎಂದರು. ಗೌರಮ್ಮ ಹೇಳಿದ್ದು ನೆನಪಿತ್ತು. ಆದರೆ ನಾಲ್ಕು ದಿನದ ಹಿಂದೆ ಇದೇ ಹೆಂಗಸಿನ ಮುಂದೆ ಬಾಯಿ ಮುಚ್ಚಿಕೊಂಡು ನಿಂತಿದ್ದರ ಫಲ ಆಗ ತಾನೇ ನೋಡಿ ಬಂದಿದ್ದೆ. ಇನ್ನೊಮ್ಮೆ ಅದೇ ತಪ್ಪು ಮಾಡಬಾರದು ಎಂದುಕೊಂಡು ದಿಂಬು, ಬೇಲಿ, ಬೀರು, ನಲ್ಲಿ, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಅವರ ಬೆರಳುಗಳು ಸೊಪ್ಪಿನಲ್ಲಿ ನಿಂತವು. ತಾವೇ ಕಟ್ಟಿದ ಗಂಟು ಎಂದು ಅವರಿಗೆ ಅನ್ನಿಸಿರಬಹುದು. ಮುಖದಲ್ಲಿ ಏನೋ ಬಂದು ಹೋಯಿತು. ಸೊಪ್ಪನ್ನು ಪಕ್ಕಕ್ಕೆ ಸರಿಸಿದರು.

“ರೂಮ್ ಖಾಲಿ ಮಾಡಿ ಅಂತ ನಾನೇಳಲ್ಲ. ಬೇರೆಯೋರ್ ಕಿವಿಗೂ ಆಕಲ್ಲ. ಆದ್ರೆ ಆ ಬಟ್ಟೆ ನಮ್ ಮನೆ ತಂತಿ ಮೇಲ್ ಬರ್ಬಾರ್ದು. ಮೇಲೆ ನಮ್ ಮಕ್ಳ ಬಟ್ಟೇನೂ ಒಣಾಕ್ತೀವಿ. ನಿಮ್ಮವ್ವಂಗೆ ಏಳು.”

ಹೇಳಿದೆ. ಅವ್ವ ಬೈಯಲಿಲ್ಲ. ನಿನಗ ಕೇಳಿದ್ರು, ನೀ ಹೇಳಿದಿ ಎಂದಳು, ಅಷ್ಟೇ. ಓನರಮ್ಮ ಮಾತಿಗೆ ತಪ್ಪಲಿಲ್ಲ, ಯಾರಿಗೂ ಹೇಳಲಿಲ್ಲ. ನಾವೂ ತಪ್ಪಲಿಲ್ಲ.

ಹೊಸ ಜೊತೆ ಬರಲು ವರ್ಷ ತುಂಬಬೇಕಿತ್ತು. ಇದ್ದ ಒಂದು ಜೊತೆಯನ್ನು ಅವ್ವ ದಿನವೂ ಒಗೆದು ದಿನವೂ ತೊಡಬೇಕಾಯಿತು. ಮುಂದೆ ಅವಳಿಗೆ ಬೆಳಗಿನ ಪಾಳಿ ಬಂತು. ಮಧ್ಯಾಹ್ನ ಮೂರಕ್ಕೆ ಬಂದು ಒಗೆಯುವಾಗ ತಾರಸಿಯ ಮೇಲೆ ಬಿಸಿಲು ಇರುತ್ತಿತ್ತು, ಎಂಟು ಮನೆಯ ಬಟ್ಟೆಗಳು ಅಲ್ಲಿ ಗಾಳಿಗೆ ಹಾರುತ್ತಿದ್ದವು. ನಮ್ಮ ಕೋಟು ಬಾಗಿಲು ಮುಚ್ಚಿದ ರೂಮಿನಲ್ಲಿ ಒಣಗುತ್ತಿತ್ತು. ಮೊಳೆಯಿಲ್ಲದ ರೂಮಿನಲ್ಲಿ ಒದ್ದೆ ಬಟ್ಟೆಗೆ ಇರುವ ಜಾಗಗಳು ಕಡಿಮೆ: ಬಾಗಿಲ ನೆತ್ತಿ, ಮಗುಚಿಟ್ಟ ಬಕೆಟ್ಟು, ಗ್ಯಾಸ್ ಸಿಲಿಂಡರು. ಅಪ್ಪ ಬಂದ ಮೇಲೆ ಅವನೊಂದು ತುದಿ, ಅವ್ವ ಒಂದು ತುದಿ ಹಿಡಿದು ಇನ್ನೊಮ್ಮೆ ಹಿಂಡುತ್ತಿದ್ದರು. ಕೋಟು ಯಾಕೆ ಮೇಲೆ ಹಾಕುವುದಿಲ್ಲ ಎಂದು ಶರಣಮ್ಮ ಕೇಳಿದಾಗ, ಬಿಸಿಲಿಗೆ ಬಣ್ಣ ಹೋಗುತ್ತದೆ ಎಂದು ಅವ್ವ ಹೇಳಿದಳು. ಬೇಸಿಗೆ ಹೇಗೋ ಕಳೆಯಿತು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಆ ಕೋಟು ಪೂರ್ತಿ ಒಣಗಿದ್ದನ್ನು ನಾನು ನೋಡಲಿಲ್ಲ. ಆಫೀಸಿನ ಏಸಿಗೆ, ಮೂರನೇ ಮಹಡಿ ಒರೆಸುವುದರೊಳಗೆ ಮೈಮೇಲೇ ಒಣಗುತ್ತದೆ ಎಂದು ಅವಳು ಅಪ್ಪನಿಗೆ ಹೇಳುತ್ತಿದ್ದಳು. ಅವಳಿಗೆ ಕೆಮ್ಮು ಶುರುವಾದದ್ದು ಆ ಮಳೆಗಾಲದಲ್ಲಿ. ಅದಕ್ಕೆ ಇದೇ ಕಾರಣ ಎಂದು ಯಾವ ಡಾಕ್ಟರೂ ಹೇಳಿಲ್ಲ, ನಾನೂ ಹೇಳಲಾರೆ.

ಬೆಳಿಗ್ಗೆ ಐದೂವರೆಗೆ ಕೋಟು ತೊಟ್ಟು ಅವಳು ನನಗೆ ಬೆನ್ನು ಮಾಡಿ ನಿಲ್ಲುತ್ತಿದ್ದಳು. ಹಿಂದೆ ಒದ್ದೆ ಕಂಡರೆ ಸೂಪರ್‌ವೈಸರ್ ಬೈಯುತ್ತಿದ್ದರಂತೆ. ನಾನು ಏಜೆನ್ಸಿಯ ಹೆಸರಿನ ಮೇಲೆ ಅಂಗೈ ಇಡುತ್ತಿದ್ದೆ. ಬಿಳಿ ದಾರದ ದಪ್ಪ ಅಕ್ಷರಗಳಲ್ಲಿ ನೀರು ಹಾಗೇ ಇರುತ್ತಿತ್ತು, ಅದರಡಿ ಅವಳ ಬೆನ್ನು ತಣ್ಣಗೆ ಒಂದು ಸಲ ಸೆಳೆದುಕೊಳ್ಳುತ್ತಿತ್ತು.

“ಒಣಗೈತೇನು ನೋಡವ್ವಾ?”

“ಒಣಗೈತಿ,” ಎನ್ನುತ್ತಿದ್ದೆ.